ಚೀನಾದ 34 ಸಿನಿಮಾ ಲೆಕ್ಕ: ಹೊರಗಿನ ಸಿನಿಮಾಗೆ ಅಡ್ಡ ನಿಂತಿರೋದು ಕೋಟಾನಾ, ಬಿಡುಗಡೆ ದಿನಾಂಕಾನಾ?

ಬಾಲ್ಕನಿ_ಟಿಕೆಟ್ (ಚರ್ಚೆ ಶುರು ಮಾಡಿದವರು)

ಚೀನಾ ವರ್ಷಕ್ಕೆ 34 ವಿದೇಶಿ ಸಿನಿಮಾ ಮಾತ್ರ ಒಳಗೆ ಬಿಡುತ್ತದೆ, ಅದಕ್ಕೇ ಹಾಲಿವುಡ್‌ಗೆ ಅಲ್ಲಿ ದುಡ್ಡು ಹುಟ್ಟುತ್ತಿಲ್ಲ ಅಂತ ಒಂದು ಮಾತು ಎಲ್ಲ ಕಡೆ ಓಡಾಡುತ್ತಿದೆ. ಯೂಟ್ಯೂಬ್‌ನಲ್ಲಿ ಯಾವ ವಿಡಿಯೋ ತೆಗೆದರೂ ಅದೇ. ನನಗೆ ಇದು ಅರ್ಧ ಸತ್ಯ ಅನ್ನಿಸುತ್ತದೆ. 34 ಅನ್ನೋ ಸಂಖ್ಯೆ ಇರುವುದು ನಿಜ. ಆದರೆ ಅದು ಅಲ್ಲಿರುವ ಬೀಗಗಳಲ್ಲಿ ಚಿಕ್ಕದು.

ಮೊದಲು ಇತಿಹಾಸ ಸ್ವಲ್ಪ ಹೇಳಿಬಿಡುತ್ತೇನೆ. 90ರ ದಶಕದ ಶುರುವಿನಲ್ಲಿ ಚೀನಾದ ಚಿತ್ರಮಂದಿರಗಳು ಖಾಲಿ ಹೊಡೆಯುತ್ತಿದ್ದವು. ಜನ ಟಿವಿ, ವಿಡಿಯೋ ಕಡೆ ಹೋಗಿಬಿಟ್ಟಿದ್ದರು. ಆಗ ಸರ್ಕಾರ ವರ್ಷಕ್ಕೆ 10 ಸಿನಿಮಾಗಳನ್ನು ಗಳಿಕೆ ಹಂಚಿಕೊಳ್ಳುವ ಲೆಕ್ಕದಲ್ಲಿ ತರಿಸೋಣ ಅಂತ ತೀರ್ಮಾನ ಮಾಡಿತು. 1994ರ ನವೆಂಬರ್‌ನಲ್ಲಿ ಮೊದಲು ಬಂದಿದ್ದು ಹ್ಯಾರಿಸನ್ ಫೋರ್ಡ್ ಅವರ 'ದ ಫ್ಯುಜಿಟಿವ್'. ಅಂದರೆ ಈ ವ್ಯವಸ್ಥೆ ಹುಟ್ಟಿದ್ದು ಬಾಗಿಲು ಹಾಕೋಕೆ ಅಲ್ಲ, ಕಿಟಕಿ ಸ್ವಲ್ಪ ತೆಗೆಯೋಕೆ. 1998ರಲ್ಲಿ 'ಟೈಟಾನಿಕ್' ಬಂದು 36 ಕೋಟಿ ಯುವಾನ್ ಬಾಚಿತು, ಹತ್ತು ವರ್ಷಕ್ಕೂ ಜಾಸ್ತಿ ಆ ದಾಖಲೆಯನ್ನು ಯಾರೂ ಮುಟ್ಟಲಿಲ್ಲ. 2001ರಲ್ಲಿ ಚೀನಾ ವಿಶ್ವ ವ್ಯಾಪಾರ ಸಂಸ್ಥೆಗೆ ಸೇರಿದಾಗ 10 ಇದ್ದದ್ದು 20 ಆಯಿತು. 2007ರಲ್ಲಿ ಅಮೆರಿಕ ಅಲ್ಲೇ ದೂರು ಕೊಟ್ಟು 2009ರಲ್ಲಿ ಗೆದ್ದಿತು. ಆಮೇಲೆ ಎಳೆದಾಡಿ 2012ರ ಫೆಬ್ರವರಿಯಲ್ಲಿ, ಆಗಿನ್ನೂ ಉಪಾಧ್ಯಕ್ಷರಾಗಿದ್ದ ಷಿ ಜಿನ್‌ಪಿಂಗ್ ಅಮೆರಿಕಕ್ಕೆ ಹೋಗಿದ್ದಾಗ, ಒಂದು ಒಪ್ಪಂದ ಆಯಿತು. ತ್ರೀಡಿ, ಐಮ್ಯಾಕ್ಸ್ ಸಿನಿಮಾಗಳಿಗೆ ಅಂತ ಇನ್ನೂ 14 ಸೇರಿ 34. ಜೊತೆಗೆ ಟಿಕೆಟ್ ದುಡ್ಡಿನಲ್ಲಿ ವಿದೇಶಿ ಸ್ಟುಡಿಯೋ ಪಾಲು ಶೇ 13ರಿಂದ 17ರ ಆಸುಪಾಸು ಇದ್ದದ್ದು ಶೇ 25ಕ್ಕೆ ಏರಿತು.

ನನ್ನ ಪ್ರಶ್ನೆ ಇಷ್ಟೇ. 2012ರ ಆ ಒಪ್ಪಂದ ಆದ ವರ್ಷ ಚೀನಾದ ಒಟ್ಟು ಟಿಕೆಟ್ ಗಳಿಕೆಯಲ್ಲಿ ವಿದೇಶಿ ಸಿನಿಮಾಗಳ ಪಾಲು ಅರ್ಧಕ್ಕಿಂತ ಜಾಸ್ತಿ ಇತ್ತು. 2024ರಲ್ಲಿ ಸುಮಾರು ಶೇ 21ಕ್ಕೆ ಇಳಿದಿದೆ. ಕೋಟಾ ಅವತ್ತೂ 34, ಇವತ್ತೂ 34. ಹಾಗಾದರೆ ಬದಲಾಗಿದ್ದೇನು?

ಪಾಪ್‌ಕಾರ್ನ್_ದುಬಾರಿ

ಸೆನ್ಸಾರ್ ಗುರು. ಬೇರೇನಿದೆ.

ಬಾಲ್ಕನಿ_ಟಿಕೆಟ್

ಸೆನ್ಸಾರ್ 1994ರಲ್ಲೂ ಇತ್ತಲ್ಲ. ಅದೊಂದರಿಂದಲೇ ಅರ್ಧದಿಂದ ಐದನೇ ಒಂದಕ್ಕೆ ಇಳಿಯುತ್ತಾ?

ಲೆಕ್ಕದ_ಪುಸ್ತಕ

ದುಡ್ಡಿನ ಕಡೆಯಿಂದ ನೋಡಿದರೆ ವಿಷಯ ಬೇಗ ಅರ್ಥ ಆಗುತ್ತದೆ, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಚೀನಾದಲ್ಲಿ 100 ಯುವಾನ್ ಟಿಕೆಟ್ ಮಾರಾಟ ಆಯಿತು ಅಂತ ಇಟ್ಟುಕೊಳ್ಳಿ. ಮೊದಲು 5 ಯುವಾನ್ ಚಲನಚಿತ್ರ ಅಭಿವೃದ್ಧಿಯ ವಿಶೇಷ ನಿಧಿಗೆ ಹೋಗುತ್ತದೆ. ಸುಮಾರು 3.3 ಯುವಾನ್ ತೆರಿಗೆ. ಉಳಿದ 91 ಚಿಲ್ಲರೆಯಲ್ಲಿ ಶೇ 57ರಷ್ಟು ಚಿತ್ರಮಂದಿರ ಮತ್ತು ಅವು ಸೇರಿರುವ ಸರ್ಕ್ಯೂಟ್‌ಗೆ (ಥಿಯೇಟರ್‌ಗಳ ಗುಂಪು), ಅಂದರೆ 52 ಯುವಾನ್ ಆಸುಪಾಸು. ಮಿಕ್ಕಿದ್ದು 39 ಚಿಲ್ಲರೆ. ಸ್ಥಳೀಯ ಸಿನಿಮಾ ಆದರೆ ಆ 39ರಲ್ಲಿ ಹಂಚಿಕೆಯ ಖರ್ಚು, ಕಮಿಷನ್ ಕಳೆದು ಮಿಕ್ಕಿದ್ದೆಲ್ಲ ನಿರ್ಮಾಪಕನಿಗೆ. ವಿದೇಶಿ ಸಿನಿಮಾ ಆದರೆ ಸ್ಟುಡಿಯೋಗೆ 25, ಬಾಕಿ ಹಂಚಿಕೆ ಮಾಡುವ ಸರ್ಕಾರಿ ಕಂಪನಿಗಳಿಗೆ. ಆ ಕಂಪನಿಗಳು ಎರಡೇ ಎರಡು: ಚೀನಾ ಫಿಲ್ಮ್ ಮತ್ತು ಹುವಾಶಿಯಾ. ಅದರಲ್ಲೂ ಆಮದು ಮಾಡಿಕೊಳ್ಳುವ ಹಕ್ಕು ಚೀನಾ ಫಿಲ್ಮ್‌ಗೆ ಮಾತ್ರ. ತರಿಸೋದು ಅವರೇ, ಹಂಚೋದು ಅವರೇ, ಸ್ವಂತ ಸಿನಿಮಾ ತೆಗೆಯೋದೂ ಅವರೇ. ನಿಮ್ಮ ಪ್ರತಿಸ್ಪರ್ಧಿಯ ಕೈಗೇ ನಿಮ್ಮ ಸಿನಿಮಾ ಕೊಟ್ಟು ಓಡಿಸಪ್ಪಾ ಅಂದ ಹಾಗೆ.

ಅಮೆರಿಕದಲ್ಲಾದರೆ ಸ್ಟುಡಿಯೋಗೆ ಟಿಕೆಟ್ ದುಡ್ಡಿನ ಅರ್ಧದ ಹತ್ತಿರ ಬರುತ್ತದೆ. ಅದಕ್ಕೇ ಚೀನಾದ ಗಳಿಕೆ ಅಂತ ಪೋಸ್ಟರ್‌ನಲ್ಲಿ ಹಾಕುವ ಸಂಖ್ಯೆ ನೋಡಿ ಬಾಯಿ ಬಿಡಬಾರದು. 2016ರಲ್ಲಿ 'ವಾರ್‌ಕ್ರಾಫ್ಟ್' ಅಮೆರಿಕದಲ್ಲಿ 4.7 ಕೋಟಿ ಡಾಲರ್‌ಗೆ ಮಲಗಿತು, ಚೀನಾದಲ್ಲಿ 22 ಕೋಟಿ ಡಾಲರ್ ಮಾಡಿತು. ಚೀನಾ ಕಾಪಾಡಿತು ಅಂತ ಎಲ್ಲರೂ ಬರೆದರು. ಆದರೆ 22 ಕೋಟಿಯಲ್ಲಿ ಕಾಲು ಭಾಗ ಅಂದರೆ ಐದೂವರೆ ಕೋಟಿ. ಸಿನಿಮಾಗೆ ಹಾಕಿದ್ದೇ 16 ಕೋಟಿ. ಎರಡನೇ ಭಾಗ ಬರಲೇ ಇಲ್ಲ ನೋಡಿ.

ಆ 25 ಕೂಡ ಸುಲಭವಾಗಿ ಕೈಗೆ ಬರುತ್ತದೆ ಅಂತೇನಿಲ್ಲ. 2012-13ರಲ್ಲಿ ಶೇ 2ರ ಒಂದು ಹೊಸ ತೆರಿಗೆ ಯಾರು ಕಟ್ಟಬೇಕು ಅಂತ ಜಗಳ ಬಿದ್ದು, ಹಾಲಿವುಡ್ ಸ್ಟುಡಿಯೋಗಳಿಗೆ ತಿಂಗಳುಗಟ್ಟಲೆ ಒಂದು ಪೈಸೆ ಹೋಗಲಿಲ್ಲ. 2013ರ ಆಗಸ್ಟ್‌ನಲ್ಲಿ ಅದು ಬಗೆಹರಿಯಿತು. ಆಮೇಲೆ ಹಾಲಿವುಡ್ ಸ್ಟುಡಿಯೋಗಳ ಸಂಘವೇ ಲೆಕ್ಕ ತಪಾಸಣೆ ಮಾಡಿಸಿ, 2016ರ ಗಳಿಕೆಯಲ್ಲಿ ಸುಮಾರು ಶೇ 9ರಷ್ಟು ಲೆಕ್ಕಕ್ಕೇ ಬಂದಿಲ್ಲ ಅನ್ನೋದನ್ನು ಕಂಡುಕೊಂಡಿತು.

ಗಾಂಧಿನಗರ_ಲೋಕಲ್

ಶೇರ್ ಲೆಕ್ಕ ಕೈಗೆ ಬರೋದು ಕಷ್ಟ ಅನ್ನೋದು ನಮಗೇನು ಹೊಸದಾ ಮೇಷ್ಟ್ರೇ 😀

ಹಾಂಗ್‌ಝೌ_ಕನ್ನಡಿಗ

ನಾನು ಇಲ್ಲೇ ಇರುವುದರಿಂದ ಒಂದು ಮಾತು ಸೇರಿಸುತ್ತೇನೆ. ಕೋಟಾಗಿಂತ ದೊಡ್ಡ ಆಟ ದಿನಾಂಕದ್ದು. ಛತ್ರ ಸಿಕ್ಕರೂ ಮುಹೂರ್ತ ಇಡುವವರು ಅವರೇ.

ವಸಂತ ಹಬ್ಬ, ಅಂದರೆ ಇಲ್ಲಿನ ಹೊಸ ವರ್ಷ, ಥಿಯೇಟರ್‌ಗಳು ತುಂಬಿ ತುಳುಕುವ ಹೊತ್ತು. ಆ ವಾರ ಹಾಲಿವುಡ್ ಸಿನಿಮಾಗೆ ಪ್ರವೇಶ ಇಲ್ಲ. ಅಕ್ಟೋಬರ್ 1ರ ರಾಷ್ಟ್ರೀಯ ದಿನದ ವಾರವೂ ಅಷ್ಟೇ. ಬೇಸಿಗೆ ರಜೆಯಲ್ಲಿ, ಜೂನ್ ಕೊನೆಯಿಂದ ಆಗಸ್ಟ್‌ವರೆಗೆ, ಸ್ಥಳೀಯ ಸಿನಿಮಾ ರಕ್ಷಣೆಯ ತಿಂಗಳು ಅಂತ ಜನ ಕರೆಯುವ ಒಂದು ಅವಧಿ ಬಹಳ ವರ್ಷ ನಡೆಯಿತು. ಇದು ಯಾವ ಕಾನೂನಿನಲ್ಲೂ ಬರೆದಿಲ್ಲ. ಆದರೆ ಎಲ್ಲರಿಗೂ ಗೊತ್ತು. ಹಾಗೆ ತಡೆದು ನಿಲ್ಲಿಸಿದ ಸಿನಿಮಾಗಳನ್ನೆಲ್ಲ ಆಗಸ್ಟ್ ಕೊನೆಯಲ್ಲಿ ಒಟ್ಟಿಗೆ ಬಿಟ್ಟರೆ ಏನಾಗುತ್ತದೆ? 2012ರ ಆಗಸ್ಟ್ 27ರಂದು 'ದ ಡಾರ್ಕ್ ನೈಟ್ ರೈಸಸ್' ಮತ್ತು 'ದ ಅಮೇಜಿಂಗ್ ಸ್ಪೈಡರ್‌ಮ್ಯಾನ್' ಎರಡನ್ನೂ ಒಂದೇ ದಿನ ಬಿಟ್ಟರು. ಒಂದನ್ನೊಂದು ತಿಂದುಕೊಂಡವು. ಹೊರಗಿನ ಸಿನಿಮಾ ತಡೆಯೋಕೆ ನಿಷೇಧವೇ ಬೇಕಿಲ್ಲ, ಪಕ್ಕದಲ್ಲಿ ಇನ್ನೊಂದು ಹೊರಗಿನ ಸಿನಿಮಾ ನಿಲ್ಲಿಸಿದರೆ ಸಾಕು.

ಇನ್ನೊಂದು ಉದಾಹರಣೆ ನನಗೆ ಬಹಳ ಇಷ್ಟ. 2010ರ ಜನವರಿಯಲ್ಲಿ 'ಅವತಾರ್' ಓಡುತ್ತಿದ್ದಾಗಲೇ ಅದರ ಟೂಡಿ ಪ್ರದರ್ಶನಗಳನ್ನು ಎತ್ತಿಸಿ ಇಲ್ಲಿನದೇ 'ಕನ್‌ಫ್ಯೂಷಿಯಸ್' ಸಿನಿಮಾಗೆ ಜಾಗ ಮಾಡಿಕೊಟ್ಟರು. ಆ 'ಕನ್‌ಫ್ಯೂಷಿಯಸ್' ಓಡಲಿಲ್ಲ. 'ಅವತಾರ್' ಮತ್ತೆ ಆ ತೆರೆಗಳಿಗೆ ವಾಪಸ್ ಬಂತು.

ಇದರ ಜೊತೆಗೆ ದಿನಾಂಕ ಹೇಳೋದೇ ತಡ. ಕೆಲವು ಸಲ ಬಿಡುಗಡೆಗೆ ಕೆಲವೇ ವಾರ ಇರುವಾಗ ಅನುಮತಿ ಗೊತ್ತಾಗುತ್ತದೆ. ಅಷ್ಟರಲ್ಲಿ ಜಾಹೀರಾತು ಏನು ಮಾಡೋದು? ಅಮೆರಿಕದಲ್ಲಿ ಬಿಡುಗಡೆಯಾಗಿ ತಿಂಗಳಾಗಿದ್ದರೆ ಕದ್ದ ಪ್ರಿಂಟ್ ಎಲ್ಲರ ಫೋನಿನಲ್ಲೂ ಬಂದಿರುತ್ತದೆ. ತೆರೆಯ ಮೇಲೆ ಇರುವ ಕಾಲಕ್ಕೂ ಮಿತಿ ಇದೆ. ಡಿಜಿಟಲ್ ಪ್ರಿಂಟ್ ಓಡಿಸೋಕೆ ಬೇಕಾದ ಕೀ (ಪಾಸ್‌ವರ್ಡ್ ಥರ) ಸಾಮಾನ್ಯವಾಗಿ ಒಂದು ತಿಂಗಳಿಗೆ ಕೊಡುತ್ತಾರೆ. ಅದು ಮುಗಿದರೆ ಹೌಸ್‌ಫುಲ್ ಇದ್ದರೂ ಸಿನಿಮಾ ನಿಲ್ಲುತ್ತದೆ, ವಿಸ್ತರಣೆ ಸಿಕ್ಕರೆ ಮಾತ್ರ ಮುಂದೆ. 'ದಂಗಲ್'ಗೆ ಆ ವಿಸ್ತರಣೆ ಸಿಕ್ಕಿತ್ತು.

ದಿನಾಂಕ ಚೆನ್ನಾಗಿ ಕೊಟ್ಟರೆ ಏನಾಗುತ್ತದೆ ಅನ್ನೋದನ್ನೂ ನೋಡಿ. 'ಅವೆಂಜರ್ಸ್: ಎಂಡ್‌ಗೇಮ್' 2019ರ ಏಪ್ರಿಲ್ 24ರಂದು, ಅಮೆರಿಕಕ್ಕಿಂತ ಎರಡು ದಿನ ಮೊದಲೇ ಇಲ್ಲಿ ಬಂತು. 425 ಕೋಟಿ ಯುವಾನ್.

ಸಬ್‌ಟೈಟಲ್_ಪ್ರೇಮಿ

ಒಂದು ವಿಷಯ ಯಾರೂ ಹೇಳಲಿಲ್ಲ. ಆ 34 ಅನ್ನೋದು ಗಳಿಕೆ ಹಂಚಿಕೊಳ್ಳುವ ಸಿನಿಮಾಗಳಿಗೆ ಮಾತ್ರ. ಅದರ ಪಕ್ಕದಲ್ಲಿ ಇನ್ನೊಂದು ದಾರಿ ಇದೆ. ಚೀನಾದ ಒಂದು ಕಂಪನಿ ಒಂದಿಷ್ಟು ದುಡ್ಡು ಒಟ್ಟಿಗೆ ಕೊಟ್ಟು ಹಕ್ಕು ಕೊಂಡುಕೊಳ್ಳುತ್ತದೆ. ಆಮೇಲೆ ಎಷ್ಟೇ ಗಳಿಸಲಿ, ಮೂಲ ನಿರ್ಮಾಪಕನಿಗೆ ಅದರಲ್ಲಿ ಪಾಲು ಇಲ್ಲ. ಇತ್ತೀಚೆಗೆ ಕೆಲವು ಒಪ್ಪಂದಗಳಲ್ಲಿ ಇಷ್ಟು ದಾಟಿದರೆ ಬೋನಸ್ ಅಂತ ಸೇರಿಸುತ್ತಾರೆ. ಜಪಾನಿನ ಅನಿಮೆ (ಅಲ್ಲಿನ ಅನಿಮೇಷನ್ ಸಿನಿಮಾ), ಯುರೋಪಿನ ಸಿನಿಮಾ, ನಮ್ಮ ದೇಶದವು, ಹೆಚ್ಚಿನವು ಈ ದಾರಿಯಲ್ಲೇ ಬರುತ್ತವೆ.

ಇದರಲ್ಲಿ ಅಪಾಯವೆಲ್ಲ ಕೊಂಡುಕೊಂಡವನ ತಲೆ ಮೇಲೆ. ದುಡ್ಡು ಕೊಟ್ಟ ಮೇಲೆ ಸೆನ್ಸಾರ್ ಬೇಡ ಅಂದರೆ ಮುಗಿಯಿತು. ಆದರೆ ಹೊಡೆದರೆ ಲಾಟರಿ. ಜಪಾನಿನ ನಿರ್ದೇಶಕ ಶಿಂಕಾಯ್ ಅವರ 'ಯುವರ್ ನೇಮ್' 2016ರ ಡಿಸೆಂಬರ್‌ನಲ್ಲಿ 57 ಕೋಟಿ ಯುವಾನ್ ಮಾಡಿತು, 2023ರಲ್ಲಿ 'ಸುಝುಮೆ' 80 ಕೋಟಿ. ಕೋಟಾ ಕೋಟಾ ಅಂತ ಕೂಗುವವರು ಈ ಎರಡನೇ ಬಾಗಿಲನ್ನು ಮರೆತೇಬಿಡುತ್ತಾರೆ.

ಗಾಂಧಿನಗರ_ಲೋಕಲ್

'ದಂಗಲ್' ಬಂದಿದ್ದು ಹಾಗೇನಾ? ಅದು ಅಲ್ಲಿ ಸಾವಿರ ಕೋಟಿ ರೂಪಾಯಿ ದಾಟಿತ್ತಲ್ಲ.

ಹಾಂಗ್‌ಝೌ_ಕನ್ನಡಿಗ

ಹೌದು, 2017ರ ಮೇ 5ಕ್ಕೆ ಬಂದು 129 ಕೋಟಿ ಯುವಾನ್ ಹತ್ತಿರ ಮಾಡಿತು. ಭಾರತದಲ್ಲಿ ಮಾಡಿದ್ದಕ್ಕಿಂತ ಎಷ್ಟೋ ಜಾಸ್ತಿ. ಇಲ್ಲಿ ಅದರ ಹೆಸರು 'ಕುಸ್ತಿ ಆಡೋಣ ಅಪ್ಪಾ' ಅನ್ನೋ ಥರ. ಮಕ್ಕಳ ಓದಿನ ಒತ್ತಡ, ಅಪ್ಪನ ಹಟ, ಇವೆಲ್ಲ ಇಲ್ಲಿನ ಮನೆಮನೆಯ ವಿಷಯ. ಅದಕ್ಕೇ 'ಸೀಕ್ರೆಟ್ ಸೂಪರ್‌ಸ್ಟಾರ್', 'ಹಿಂದಿ ಮೀಡಿಯಂ' ಕೂಡ ಓಡಿದವು. 2019ರಲ್ಲಿ 'ಅಂಧಾಧುನ್' 30 ಕೋಟಿ ಯುವಾನ್ ದಾಟಿತು, ಕತೆಯಲ್ಲಿ ಬಿಗಿ ಇದ್ದರೆ ಸಾಕು. ಅದೇ 'ಬಾಹುಬಲಿ 2' ಹತ್ತು ಕೋಟಿ ಯುವಾನ್ ಕೂಡ ಮುಟ್ಟಲಿಲ್ಲ. 'ಥಗ್ಸ್ ಆಫ್ ಹಿಂದೋಸ್ತಾನ್' ಮಕಾಡೆ ಮಲಗಿತು, ಆಮಿರ್ ಇದ್ದರೂ. ಕತ್ತಿ, ಕೋಟೆ, ಗ್ರಾಫಿಕ್ಸ್ ಇವರ ಹತ್ತಿರವೇ ಬೇಕಾದಷ್ಟಿದೆ. ಅದಕ್ಕೆ ನಮ್ಮನ್ನು ಯಾಕೆ ನೋಡುತ್ತಾರೆ?

2020ರ ಜೂನ್‌ನಲ್ಲಿ ಗಾಲ್ವಾನ್ ಆದ ಮೇಲೆ ಭಾರತದ ಸಿನಿಮಾ ಬರೋದು ಹೆಚ್ಚುಕಡಿಮೆ ನಿಂತೇ ಹೋಯಿತು. ಮಧ್ಯದಲ್ಲಿ ಒಂದೊಂದು ಬಂತು, ಅಷ್ಟೇ. 2024ರ ಅಕ್ಟೋಬರ್‌ನಲ್ಲಿ ಗಡಿಯ ಬಗ್ಗೆ ಎರಡು ದೇಶಗಳ ಮಧ್ಯೆ ಒಪ್ಪಂದ ಆಯಿತು. ನವೆಂಬರ್ 29ಕ್ಕೆ ವಿಜಯ್ ಸೇತುಪತಿ ಅವರ 'ಮಹಾರಾಜ' ಇಲ್ಲಿ ಸಾವಿರಾರು ತೆರೆಗಳಲ್ಲಿ ಬಿಡುಗಡೆ. ತಮಿಳು ಸಿನಿಮಾ, ಸುಮಾರು 90 ಕೋಟಿ ರೂಪಾಯಿ. ಯಾವ ಕೋಟಾ ನಿಯಮವೂ ಆ ಮಧ್ಯೆ ಬದಲಾಗಿರಲಿಲ್ಲ.

ಪಾಪ್‌ಕಾರ್ನ್_ದುಬಾರಿ

ಅಂದರೆ ಗಡಿಯಲ್ಲಿ ಏನಾಗುತ್ತದೋ ಥಿಯೇಟರ್‌ನಲ್ಲೂ ಅದೇ ಆಗುತ್ತದೆ.

ಸಬ್‌ಟೈಟಲ್_ಪ್ರೇಮಿ

ಬರೀ ನಮಗಲ್ಲ. ಕೊರಿಯಾ 2016ರಲ್ಲಿ ಅಮೆರಿಕದ ಕ್ಷಿಪಣಿ ತಡೆ ವ್ಯವಸ್ಥೆ ಇಟ್ಟುಕೊಳ್ಳಲು ಒಪ್ಪಿತು. ಆಮೇಲೆ ಕೊರಿಯಾದ ಸಿನಿಮಾ ಚೀನಾದ ಥಿಯೇಟರ್‌ನಲ್ಲಿ ಮತ್ತೆ ಕಾಣಿಸಿದ್ದು 2021ರ ಡಿಸೆಂಬರ್‌ನಲ್ಲಿ. ಜಗತ್ತೆಲ್ಲ 'ಪ್ಯಾರಸೈಟ್' ನೋಡುತ್ತಿದ್ದಾಗ ಅಲ್ಲಿ ಅದು ಬಿಡುಗಡೆಯೇ ಆಗಲಿಲ್ಲ. ಈಗ 2025ರ ನವೆಂಬರ್‌ನಲ್ಲಿ ಜಪಾನ್ ಪ್ರಧಾನಿ ತೈವಾನ್ ಬಗ್ಗೆ ಆಡಿದ ಮಾತಿಗೆ ಜಪಾನಿನ ಸಿನಿಮಾಗಳ ಬಿಡುಗಡೆ ಮುಂದಕ್ಕೆ ಹೋಯಿತು. ಆಗಲೇ ಓಡುತ್ತಿದ್ದ 'ಡೀಮನ್ ಸ್ಲೇಯರ್' ಓಡುತ್ತಲೇ ಇತ್ತು. ಪಾಪ, 'ಶಿನ್‌ಚಾನ್' ಸಿನಿಮಾ ಮುಂದಕ್ಕೆ ಹೋಯಿತು. ಐದು ವರ್ಷದ ಹುಡುಗ ತೈವಾನ್ ಬಗ್ಗೆ ಏನು ಹೇಳಿದ್ದನೋ.

ಬಾಲ್ಕನಿ_ಟಿಕೆಟ್

ಇದೇ ನಾನು ಹೇಳುತ್ತಿದ್ದದ್ದು. ಸಂಖ್ಯೆ ಬರೆದಿಟ್ಟ ನಿಯಮ. ಬರೆದಿಟ್ಟ ನಿಯಮಗಳ ಮೇಲೆ ದೂರು ಕೊಡಬಹುದು, ವಿಶ್ವ ವ್ಯಾಪಾರ ಸಂಸ್ಥೆಗೆ ಹೋಗಬಹುದು, ಗೆಲ್ಲಲೂಬಹುದು, ಅಮೆರಿಕ ಗೆದ್ದಿದೆ. ಬರೆಯದ ನಿಯಮದ ಮೇಲೆ ಯಾರಿಗೆ ದೂರು ಕೊಡುತ್ತೀರಿ? 2019ರ 'ಸ್ಪೈಡರ್‌ಮ್ಯಾನ್: ಫಾರ್ ಫ್ರಮ್ ಹೋಮ್' ಆದ ಮೇಲೆ 2023ರ ಫೆಬ್ರವರಿವರೆಗೆ ಒಂದೇ ಒಂದು ಮಾರ್ವೆಲ್ ಸಿನಿಮಾ ಅಲ್ಲಿ ಬರಲಿಲ್ಲ. ಮೂರೂವರೆ ವರ್ಷ. ನಿಷೇಧ ಅಂತ ಯಾರೂ ಘೋಷಿಸಲಿಲ್ಲ, ಕಾರಣವೂ ಹೇಳಲಿಲ್ಲ. ಅನುಮತಿ ಬರಲಿಲ್ಲ, ಅಷ್ಟೇ. 2013ರಲ್ಲಿ 'ಜಾಂಗೋ ಅನ್‌ಚೈನ್ಡ್' ಅನ್ನು ಬಿಡುಗಡೆಯ ದಿನವೇ ತೆಗೆಸಿದರು, ತಾಂತ್ರಿಕ ಕಾರಣ ಅಂತ ಹೇಳಿ. ತಿಂಗಳಾದ ಮೇಲೆ ಮತ್ತೆ ಬಿಟ್ಟರು, ಆಗ ಯಾರೂ ಹೋಗಲಿಲ್ಲ.

ಗಾಂಧಿನಗರ_ಲೋಕಲ್

ಇಷ್ಟೆಲ್ಲ ಓದಿ ನನಗೆ ನಮ್ಮ ಊರೇ ನೆನಪಾಗುತ್ತಿದೆ, ಬೈಯ್ಯಬೇಡಿ. ನಾವೂ ಡಬ್ಬಿಂಗ್ ಬೇಡ ಅಂತ ದಶಕಗಳ ಕಾಲ ಕೂತಿರಲಿಲ್ವಾ? ಅದೂ ಕಾನೂನಿನಲ್ಲಿ ಇರಲಿಲ್ಲ. ವಾಣಿಜ್ಯ ಮಂಡಳಿ, ಸಂಘಗಳು ಸೇರಿ ನಡೆಸಿಕೊಂಡು ಬಂದದ್ದು. 2004ರಲ್ಲಿ ಬೇರೆ ಭಾಷೆಯ ಸಿನಿಮಾ ಏಳು ವಾರ ತಡವಾಗಿ ಬರಲಿ ಅಂತ ಒಂದು ದೊಡ್ಡ ಗಲಾಟೆಯೇ ಆಯಿತು. ಕೊನೆಗೆ 2015ರಲ್ಲಿ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯೋದು ತಪ್ಪು ಅಂತ ಹೇಳಿ ದಂಡ ಹಾಕಿತು. ಅಲ್ಲಿಯವರೆಗೆ ನಾವೂ ಸ್ಥಳೀಯ ಸಿನಿಮಾ ಉಳಿಸುತ್ತಿದ್ದೇವೆ ಅಂತಲೇ ಹೇಳುತ್ತಿದ್ದೆವು. ಹಾಗಾಗಿ ಚೀನಾದವರು ಮಾಡಿದ್ದು ಪೂರಾ ತಪ್ಪು ಅಂತ ನನ್ನ ಬಾಯಲ್ಲಿ ಬರುವುದಿಲ್ಲ. ಅವರ ಉದ್ಯಮ ಬೆಳೆಯಿತಲ್ಲ?

ಲೆಕ್ಕದ_ಪುಸ್ತಕ

ಹೋಲಿಕೆ ಚೆನ್ನಾಗಿದೆ ಅಣ್ಣಾ, ಆದರೆ ಒಂದು ದೊಡ್ಡ ವ್ಯತ್ಯಾಸ. ಅವರು ತಡೆಯೋದರ ಜೊತೆಗೆ ಥಿಯೇಟರ್ ಕಟ್ಟಿದರು. 2012ರಲ್ಲಿ 13 ಸಾವಿರ ತೆರೆ ಇದ್ದ ದೇಶದಲ್ಲಿ 2024ಕ್ಕೆ 90 ಸಾವಿರ ದಾಟಿತ್ತು. ನಮ್ಮಲ್ಲಿ ಅದೇ ಹೊತ್ತಿಗೆ ಸಿಂಗಲ್ ಸ್ಕ್ರೀನ್‌ಗಳು ಒಂದೊಂದಾಗಿ ಕಲ್ಯಾಣ ಮಂಟಪ, ಕಾಂಪ್ಲೆಕ್ಸ್ ಆದವು. ಜೊತೆಗೆ ಅವರು ಹೊರಗಿನ ಸಿನಿಮಾವನ್ನು ಪೂರಾ ನಿಲ್ಲಿಸಲಿಲ್ಲ. ಚೀನಾದ ಪ್ರೇಕ್ಷಕ ಹಾಲಿವುಡ್ ಸಿನಿಮಾ ನೋಡುತ್ತಲೇ ಬೆಳೆದ, ಅಷ್ಟು ಗುಣಮಟ್ಟ ನೀವೂ ಕೊಡಿ ಅಂತ ತಮ್ಮವರನ್ನು ಕೇಳಿದ. ನಿರ್ಮಾಪಕರೂ ಕಲಿತರು.

ಜಂಟಿ ನಿರ್ಮಾಣ ಅಂತ ಇನ್ನೊಂದು ದಾರಿಯನ್ನೂ ಇಟ್ಟಿದ್ದಾರೆ. ಚೀನಾ ಕಂಪನಿ ಜೊತೆ ಸೇರಿ, ಅಲ್ಲಿನ ಕಲಾವಿದರನ್ನು ಹಾಕಿಕೊಂಡು ಮಾಡಿದರೆ ಸಿನಿಮಾ ಸ್ಥಳೀಯ ಅಂತ ಲೆಕ್ಕ. ಕೋಟಾ ಇಲ್ಲ, ನಿರ್ಬಂಧಿತ ದಿನ ಇಲ್ಲ, ಪಾಲೂ ಜಾಸ್ತಿ. 'ಕುಂಗ್ ಫು ಪಾಂಡಾ 3' ಹಾಗೆ ಬಂದಿದ್ದು. 2014ರಲ್ಲಿ ಭಾರತವೂ ಇಂಥ ಒಪ್ಪಂದ ಮಾಡಿಕೊಂಡಿದೆ. ಜಾಕಿ ಚಾನ್, ಸೋನು ಸೂದ್ ಇದ್ದ 'ಕುಂಗ್ ಫು ಯೋಗ' 2017ರ ಜನವರಿ 28ರಂದು, ಸರಿಯಾಗಿ ವಸಂತ ಹಬ್ಬದ ದಿನವೇ ಬಂತು, 170 ಕೋಟಿ ಯುವಾನ್ ದಾಟಿತು. ಸಿನಿಮಾ ಹೇಗಿತ್ತು ಅಂತ ಕೇಳಬೇಡಿ. ದಿನಾಂಕದ ಬೆಲೆ ಎಷ್ಟು ಅಂತ ಅದರಿಂದ ಗೊತ್ತಾಗುತ್ತದೆ.

ಹಾಂಗ್‌ಝೌ_ಕನ್ನಡಿಗ

ಬಾಲ್ಕನಿಯವರ ಮೊದಲ ಪ್ರಶ್ನೆಗೆ ಬರುತ್ತೇನೆ, ಬದಲಾಗಿದ್ದೇನು ಅಂತ. ಇಲ್ಲಿನ ಪ್ರೇಕ್ಷಕ ಬದಲಾದ. 2017ರಲ್ಲಿ ಇಲ್ಲಿನದೇ 'ವುಲ್ಫ್ ವಾರಿಯರ್ 2' 568 ಕೋಟಿ ಯುವಾನ್ ಮಾಡಿದಾಗ ಹಾಲಿವುಡ್‌ನವರು ದೇಶಭಕ್ತಿ ಗಾಳಿ ಅಂದುಕೊಂಡರು. 2021ರಲ್ಲಿ 'ಚಾಂಗ್‌ಜಿನ್ ಸರೋವರ'ದ ಯುದ್ಧದ ಸಿನಿಮಾ ಅದನ್ನೂ ದಾಟಿತು. 2023ರ ಮೊದಲ ಹತ್ತರಲ್ಲಿ ಒಂದೂ ಹಾಲಿವುಡ್ ಸಿನಿಮಾ ಇರಲಿಲ್ಲ. ಆ ವರ್ಷ ಬೇಕಾದಷ್ಟು ಹಾಲಿವುಡ್ ಸಿನಿಮಾಗಳಿಗೆ ಅನುಮತಿ ಸಿಕ್ಕಿತ್ತು, ಮಾರ್ವೆಲ್ ಕೂಡ ವಾಪಸ್ ಬಂದಿತ್ತು, 'ಬಾರ್ಬಿ' ಜುಲೈನಲ್ಲೇ ಬಂತು. ಬಾಗಿಲು ತೆರೆದಿತ್ತು, ಜನ ಒಳಗೆ ಹೋಗಲಿಲ್ಲ.

2025ರ ವಸಂತ ಹಬ್ಬಕ್ಕೆ ಬಂದ ಇಲ್ಲಿನದೇ ಅನಿಮೇಷನ್ ಸಿನಿಮಾ 'ನೆ ಝಾ 2' ಅಂತೂ 1,500 ಕೋಟಿ ಯುವಾನ್ ದಾಟಿತು, ಹೆಚ್ಚುಕಡಿಮೆ ಎಲ್ಲವೂ ಚೀನಾದ ಒಳಗೇ. ಹೀಗಿರುವಾಗ 2025ರ ಏಪ್ರಿಲ್ 10ರಂದು ಟ್ರಂಪ್ ಸುಂಕಕ್ಕೆ ಉತ್ತರವಾಗಿ ಅಮೆರಿಕದ ಸಿನಿಮಾಗಳ ಸಂಖ್ಯೆಯನ್ನು ಸ್ವಲ್ಪ ಮಟ್ಟಿಗೆ ಕಡಿಮೆ ಮಾಡುತ್ತೇವೆ ಅಂತ ಚಲನಚಿತ್ರ ಇಲಾಖೆ ಹೇಳಿತು. ಹತ್ತು ವರ್ಷದ ಹಿಂದೆ ಹೇಳಿದ್ದರೆ ಇಲ್ಲಿನ ಥಿಯೇಟರ್ ಮಾಲೀಕರೇ ತಲೆ ಮೇಲೆ ಕೈ ಹೊತ್ತು ಕೂರುತ್ತಿದ್ದರು. ಈ ಸಲ ಯಾರೂ ಅಷ್ಟು ತಲೆ ಕೆಡಿಸಿಕೊಳ್ಳಲಿಲ್ಲ. ಆಮೇಲೂ ಜುಲೈನಲ್ಲಿ 'ಜುರಾಸಿಕ್ ವರ್ಲ್ಡ್', 'ಸೂಪರ್‌ಮ್ಯಾನ್' ಎಲ್ಲ ಬಂದವು.

ಪಾಪ್‌ಕಾರ್ನ್_ದುಬಾರಿ

ಹಾಗಾದರೆ 'ಝೂಟೋಪಿಯಾ 2' ಯಾಕೆ ಹಾಗೆ ಓಡಿತು? ನಿಮ್ಮ ಪ್ರೇಕ್ಷಕ ಬದಲಾದ ಅನ್ನೋ ವಾದ ಅಲ್ಲಿಗೆ ಬಿತ್ತಲ್ಲ.

ಹಾಂಗ್‌ಝೌ_ಕನ್ನಡಿಗ

ಬೀಳಲಿಲ್ಲ. 2025ರ ನವೆಂಬರ್ 26ಕ್ಕೆ ಬಂತು, 400 ಕೋಟಿ ಯುವಾನ್ ದಾಟಿತು. ಮೊದಲ ಭಾಗ 2016ರಲ್ಲಿ ಬಂದಾಗ ನೋಡಿದ ಮಕ್ಕಳು ಈಗ ಕಾಲೇಜಿನಲ್ಲಿದ್ದಾರೆ. ಶಾಂಘೈ ಡಿಸ್ನಿ ಪಾರ್ಕಿನಲ್ಲಿ 2023ರಿಂದ ಆ ಸಿನಿಮಾದ್ದೇ ಒಂದು ಪೂರ್ತಿ ಊರು ಕಟ್ಟಿದ್ದಾರೆ. ಹತ್ತು ವರ್ಷ ಸಾಕಿದ ಪ್ರೀತಿ ಅದು. ಅದು ಹಾಲಿವುಡ್ ಅಂತ ಯಾರೂ ಹೋಗಲಿಲ್ಲ, ಆ ಮೊಲ, ಆ ನರಿ ನೋಡೋಕೆ ಹೋದರು. ಹೊರಗಿನ ಸಿನಿಮಾ ಅಂದ ಕೂಡಲೇ ಟಿಕೆಟ್ ತೆಗೆಯುವ ಕಾಲ ಹೋಯಿತು ಅನ್ನೋದು ನನ್ನ ಮಾತು. ಬೇಕಾದ್ದು ಬಂದರೆ ಈಗಲೂ ತೆಗೆಯುತ್ತಾರೆ.

ಬಾಲ್ಕನಿ_ಟಿಕೆಟ್

ಸರಿ, ಇದನ್ನು ಒಪ್ಪುತ್ತೇನೆ, ಪೂರ್ತಿ ಅಲ್ಲ. 'ಝೂಟೋಪಿಯಾ 2'ಗೆ ಅಮೆರಿಕದ ಜೊತೆಗೇ ಬಿಡುಗಡೆ ಆಗುವ ದಿನಾಂಕ ಸಿಕ್ಕಿತು, ನವೆಂಬರ್ ಕೊನೆ, ಎದುರಿಗೆ ದೊಡ್ಡ ಚೀನೀ ಸಿನಿಮಾ ಇಲ್ಲ. ಥಿಯೇಟರ್‌ಗಳಿಗೂ ಆಗ ಜನ ಬೇಕಿತ್ತು. 1994ರಲ್ಲಿ ಯಾಕೆ ಬಾಗಿಲು ತೆರೆದರೋ ಅದೇ ಕಾರಣಕ್ಕೆ ಈಗಲೂ ತೆರೆಯುತ್ತಾರೆ. ಥಿಯೇಟರ್ ಖಾಲಿ ಇದ್ದಾಗ ಹೊರಗಿನ ಸಿನಿಮಾಗೆ ಒಳ್ಳೆ ಶುಕ್ರವಾರ ಸಿಗುತ್ತದೆ, ತುಂಬಿದಾಗ ಸಿಗುವುದಿಲ್ಲ. 2024ರಲ್ಲಿ ಒಟ್ಟು ಗಳಿಕೆ 4,250 ಕೋಟಿ ಯುವಾನ್‌ಗೆ ಇಳಿದಿತ್ತು, 2019ರಲ್ಲಿ 6,400 ಕೋಟಿ ದಾಟಿತ್ತು. 90 ಸಾವಿರ ತೆರೆಗಳನ್ನು ವರ್ಷಪೂರ್ತಿ ಬರೀ ಹಬ್ಬದ ಸಿನಿಮಾಗಳಿಂದ ನಡೆಸೋಕೆ ಆಗುತ್ತದಾ?

ಲೆಕ್ಕದ_ಪುಸ್ತಕ

ಆಗುವುದಿಲ್ಲ. ಅದಕ್ಕೇ ಸುಂಕದ ಜಗಳ ಅಷ್ಟು ಜೋರಾಗಿದ್ದಾಗಲೂ 'ಸ್ವಲ್ಪ ಮಟ್ಟಿಗೆ' ಅಂದರು, ಪೂರಾ ನಿಲ್ಲಿಸುತ್ತೇವೆ ಅನ್ನಲಿಲ್ಲ.

ಗಾಂಧಿನಗರ_ಲೋಕಲ್

ಕೊನೆಗೆ ಒಂದು ಸ್ವಾರ್ಥದ ಪ್ರಶ್ನೆ. ಕನ್ನಡ ಸಿನಿಮಾ ಅಲ್ಲಿಗೆ ಹೋಗಬೇಕಾದರೆ ಏನು ಮಾಡಬೇಕು? ಆಕ್ಷನ್ ಸಿನಿಮಾ ನಡೆಯಲ್ವಾ?

ಹಾಂಗ್‌ಝೌ_ಕನ್ನಡಿಗ

ಆಕ್ಷನ್ ಮರೆತುಬಿಡಿ ಸರ್. ಅಪ್ಪ-ಮಗಳ ಕತೆ, ಶಾಲೆ ಕತೆ, ಇಲ್ಲ 'ಅಂಧಾಧುನ್' ಥರ ಬಿಗಿಯಾದ ಸಸ್ಪೆನ್ಸ್. ಇಲ್ಲಿನ ಒಬ್ಬ ಖರೀದಿದಾರ ಒಟ್ಟು ದುಡ್ಡು ಕೊಟ್ಟು ಕೊಂಡುಕೊಳ್ಳುವಷ್ಟು ಚಿಕ್ಕ ಬೆಲೆ ಹೇಳಿ, ಆದರೆ ಗಳಿಕೆ ಇಷ್ಟು ದಾಟಿದರೆ ಬೋನಸ್ ಅನ್ನೋ ಸಾಲು ಒಪ್ಪಂದದಲ್ಲಿ ಬರೆಸಿಕೊಳ್ಳಿ. ಡಬ್ಬಿಂಗ್ ಖರ್ಚು ಯಾರದ್ದು ಅಂತಲೂ ಮೊದಲೇ ಮಾತಾಡಿ. ದಿನಾಂಕ ಮಾತ್ರ ಕೇಳೋಕೆ ಹೋಗಬೇಡಿ, ಅದು ನಿಮ್ಮ ಕೈಲೂ ಇಲ್ಲ, ಕೊಂಡವನ ಕೈಲೂ ಇಲ್ಲ.